ನೀವು ಕೇಳಿದ್ದಿರಿ, ಡಾಕ್ಟರೇ

ನೀವು ಕೇಳಿದ್ದಿರಿ, ಡಾಕ್ಟರೇ. "ಮುಂಚೆ ಯಾವತ್ತಾದ್ರೂ ರಕ್ತ ಹೋಗಿತ್ತಾ, ಒಂದು ಚೂರಾದ್ರೂ?" ಎಂದು ಬಿಡಿಸಿ, ನನ್ನ ಮುಖ ನೋಡಿಕೊಂಡೇ ಕೇಳಿದ್ದಿರಿ. "ಇಲ್ಲ" ಎಂದವಳು ನಾನು. ರಕ್ತ ಹೋಗಿತ್ತು. ಹೋಗಿದ್ದು ನನಗೆ ಗೊತ್ತಿತ್ತು. ನನ್ನ ಓರಗಿತ್ತಿ ಸುಮಾಳ ಮಗು ಹೋದದ್ದು, ಗರ್ಭಕೋಶ ಹೋದದ್ದು, ಹೊಳೆನರಸೀಪುರದಲ್ಲಿ ನಿಮ್ಮ ಹೆಸರು ಹೋದದ್ದು — ಈ ಮೂರಕ್ಕೂ ಹಿಂದೆ ನನ್ನ ಆ ಒಂದು ಮಾತಿದೆ.

ಇದನ್ನು ಅಳುತ್ತಾ ಬರೆಯುತ್ತಿಲ್ಲ. ಅಳುವ ಕಾಲದಲ್ಲಿ ಅತ್ತಿದ್ದರೆ, ಅಥವಾ ಅಳುವುದರ ಬದಲು ಬಾಯಿ ಬಿಟ್ಟಿದ್ದರೆ, ಈಗ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಹುಡುಗರಿಗೆ ಪ್ರಯೋಗದ ವರದಿ ಬರೆಯುವುದನ್ನು ಹೇಳಿಕೊಟ್ಟು ಹೇಳಿಕೊಟ್ಟು ನನಗೂ ಅದೇ ರೂಢಿ: ಏನು ಮಾಡಿದೆ, ಏನು ಕಂಡೆ, ಏನಾಯಿತು. ಹಾಗೆಯೇ ಬರೆಯುತ್ತೇನೆ, ನೀವು ಸಹಿಸಿಕೊಳ್ಳಬೇಕು.

ನಾನು ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ಎಂಬುದು ನಿಮಗೆ ಗೊತ್ತು, ನೀವು ನನ್ನನ್ನು ಕರೆದದ್ದೇ "ಟೀಚರ್" ಎಂದು. ನಮ್ಮ ಮನೆಯ ಒಳಗಿನದು ಗೊತ್ತಿರಲಿಕ್ಕಿಲ್ಲ. ಮಾವನವರದು ಪೌರೋಹಿತ್ಯ. ಅತ್ತೆಯವರದು ಮಡಿ. ತಿಂಗಳ ಮೂರು ದಿನ ನಾನು ಬಸ್ಸು ಹಿಡಿದು ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ, ಬಂದು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆ. ಶಾಲೆಗಿಲ್ಲದ ಮೈಲಿಗೆ ಅಡುಗೆಮನೆಗಿತ್ತು. ಇದರಲ್ಲಿ ನನಗೆ ಅಂಥ ಸಂಕಟವೇನೂ ಇರಲಿಲ್ಲ ಎಂದೇ ಹೇಳಬೇಕು. ಹಿರಿಸೊಸೆ ಕೆಲಸಕ್ಕೆ ಹೋದರೂ ಎಷ್ಟು ಅಚ್ಚುಕಟ್ಟು ಎಂದು ಅತ್ತೆಯವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಆ ಮಾತು ನನಗೆ ಬೇಕಾಗಿತ್ತು.

ಸುಮಾ ಅರಕಲಗೂಡಿನವಳು. ಮೈದುನನಿಗೆ ಚನ್ನರಾಯಪಟ್ಟಣದಲ್ಲಿ ಕೆಲಸ, ಇಬ್ಬರೂ ಅಲ್ಲೇ ಇದ್ದರು. ಮೊದಲ ಬಸಿರು ಮೂರನೇ ತಿಂಗಳಲ್ಲಿ ಇಳಿದುಹೋಗಿ, ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕ್ಲೀನ್ ಮಾಡಿಸಿದ್ದರು. ಎರಡನೆಯದು ನಿಂತಾಗ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು, ಜೋರಾಗಿ ಆಡಿದರೆ ಇದೂ ಹೋಗಿಬಿಡುತ್ತದೇನೋ ಅನ್ನುವ ಹಾಗೆ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ದಿನ ಇಟ್ಟರು. ಸೀಮಂತ ನಮ್ಮ ಮನೆಯಲ್ಲಿ, ಅಲ್ಲಿಂದ ಒಳ್ಳೆಯ ದಿನ ನೋಡಿ ತವರಿಗೆ ಕಳಿಸುವುದು ಎಂದಾಯಿತು. ಅಡುಗೆಯವರಿಗೆ ಹೇಳುವುದರಿಂದ ಹಿಡಿದು ಬಳೆಗಾರರಿಗೆ ಹೇಳಿ ಕಳಿಸುವವರೆಗೆ ಎಲ್ಲ ಓಡಾಟವೂ ನನ್ನದೇ. ಶಾಲೆಗೆ ರಜಾ ಹಾಕಿದ್ದೆ.

ಹಿಂದಿನ ದಿನ ಮಧ್ಯಾಹ್ನ. ಮನೆ ತುಂಬಾ ನೆಂಟರು. ಸುಮಾ ಬಚ್ಚಲುಮನೆಯ ಬಾಗಿಲು ಅರ್ಧ ತೆರೆದು, "ಅಕ್ಕ, ಸ್ವಲ್ಪ ಬನ್ನಿ" ಎಂದಳು. ಹೋದೆ. ಲಂಗದ ಮೇಲೆ ರಕ್ತ. ಮುಟ್ಟಿನ ರಕ್ತದ ಹಾಗಲ್ಲ, ಕೆಂಪಗೆ, ಈಗ ತಾನೇ ಬೆರಳು ಕುಯ್ದುಕೊಂಡ ಹಾಗೆ.

"ನೋವಿದೆಯಾ?" ಎಂದೆ.

"ಏನೂ ನೋವಿಲ್ಲಕ್ಕ. ಅದಕ್ಕೇ ಭಯ."

ಅವಳ ಭಯ ಸರಿಯಾಗಿತ್ತು, ಡಾಕ್ಟರೇ. ಮೈ ತನಗೆ ತಿಳಿದದ್ದನ್ನು ಅವಳಿಗೆ ಹೇಳಿತ್ತು. ನಾನು ಹೇಳಿದ್ದು ಇದು: "ನೋವಿಲ್ಲ ಅಂದ್ರೆ ಏನೂ ಅಲ್ಲ. ಉಷ್ಣ ಇರ್ಬೇಕು, ಬಾರ್ಲಿ ನೀರು ಕಾಯಿಸಿಕೊಡ್ತೀನಿ. ಯಾರಿಗೂ ಹೇಳ್ಬೇಡ."

ಯಾರಿಗೂ ಹೇಳಬೇಡ ಎಂದದ್ದು ಏಕೆಂದು ನಿಮಗೆ ವಿವರಿಸಬೇಕು, ನೀವು ನಮ್ಮ ಮನೆಯಂಥ ಮನೆಯವರಲ್ಲ. ರಕ್ತ ಕಂಡರೆ ಮೈಲಿಗೆ. ಬಸುರಿಯೋ ಅಲ್ಲವೋ ಎಂದು ಮೈಲಿಗೆ ಕೇಳುವುದಿಲ್ಲ. ಅವಳು ಹಸೆಯ ಮೇಲೆ ಕೂರುವಂತಿಲ್ಲ, ಹೋಮದ ಹತ್ತಿರ ಸುಳಿಯುವಂತಿಲ್ಲ. ಸೀಮಂತ ನಿಲ್ಲುತ್ತಿತ್ತು. ಬಂದವರು ಊಟ ಮಾಡಿ, ಗುಸುಗುಸು ಮಾತಾಡಿಕೊಂಡು ಹೋಗುತ್ತಿದ್ದರು. ಆ ದಿನ ಬೆಳಿಗ್ಗೆಯಿಂದ ಅವಳು ದೇವರಮನೆಗೆ ಹೂ ಕಟ್ಟಿಕೊಟ್ಟಿದ್ದಳು, ಅದಕ್ಕೆಲ್ಲ ಮತ್ತೆ ಪುಣ್ಯಾಹ... ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿತು. ಲಂಗದ ಮೇಲಿನ ರಕ್ತ ಎಲ್ಲಿಂದ ಬಂತು ಎಂಬ ಒಂದು ವಿಷಯ ಮಾತ್ರ ಓಡಲಿಲ್ಲ. ಲಂಗವನ್ನು ನಾನೇ ತಣ್ಣೀರಿನಲ್ಲಿ ಹಿಂಡಿ, ಹಿತ್ತಲಿನ ತಂತಿಯ ಮೇಲೆ ದೊಡ್ಡ ಸೀರೆಯೊಂದರ ಕೆಳಗೆ ಹರವಿದೆ. ಸಂಜೆಗೆ ರಕ್ತ ತಾನಾಗಿ ನಿಂತಿತು. ನೋಡು, ನಾನು ಹೇಳಲಿಲ್ಲವಾ ಎಂದೆ.

ಸೀಮಂತ ಚೆನ್ನಾಗಿ ಆಯಿತು. ಹಸಿರು ಸೀರೆ, ಕೈ ತುಂಬಾ ಬಳೆ, ಮೊಗ್ಗಿನ ಜಡೆ. ಆರತಿ ಎತ್ತುವಾಗ ಅವಳು ನನ್ನ ಕಡೆ ಒಂದು ಸಲ ನೋಡಿದಳು. ಎಲ್ಲ ಸರಿಯಾಗಿದೆ ಎನ್ನುವಂತೆ ನಾನು ತಲೆಯಾಡಿಸಿದೆ.

ಆಗ ಒಳಗೆ ಏನಿತ್ತು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಮಾಸು ಗರ್ಭಕೋಶದ ಮೇಲುಭಾಗದಲ್ಲಿ ಎಲ್ಲಾದರೂ ಅಂಟಿಕೊಂಡು ಮಗುವಿಗೆ ರಕ್ತ ಕೊಡಬೇಕು. ಸುಮಾಳಿಗೆ ಅದು ಕೆಳಗೆ, ಗರ್ಭಕೋಶದ ಬಾಯಿಗೇ ಅಡ್ಡಲಾಗಿ ಕೂತಿತ್ತು, ಹೊಸ್ತಿಲಿಗೆ ಅಡ್ಡ ಮಲಗಿದವರ ಹಾಗೆ. ತಿಂಗಳು ತುಂಬುತ್ತ ಬಾಯಿ ಸ್ವಲ್ಪ ಸಡಿಲವಾದರೂ ಮಾಸಿನ ಅಂಚು ಬಿಟ್ಟುಕೊಂಡು ರಕ್ತ ಬರುತ್ತದೆ. ನೋವಿರುವುದಿಲ್ಲ. ತಾನಾಗಿ ನಿಲ್ಲುತ್ತದೆ. ಅದು ಮುನ್ಸೂಚನೆ. ಹಿಂದೆ ಹೊಟ್ಟೆ ಕ್ಲೀನ್ ಮಾಡಿಸಿದ್ದವರಿಗೆ ಹೀಗಾಗುವ ಸಂಭವ ಜಾಸ್ತಿಯಂತೆ, ಆ ಗಾಯದ ಜಾಗದಲ್ಲಿ ಮಾಸು ಗೋಡೆಯೊಳಗೇ ಬೇರು ಬಿಡುವುದೂ ಉಂಟಂತೆ. ಇಂಥವರನ್ನು ಬೆರಳು ಹಾಕಿ ಪರೀಕ್ಷೆ ಮಾಡಬಾರದು. ಮಾಡಿದರೆ ಬೆರಳು ತಗಲುವುದು ಮಾಸಿಗೇ. ನಾನು ಪಾಠ ಮಾಡುವ ಪುಸ್ತಕದಲ್ಲಿ ಇಷ್ಟು ಇರಲಿಲ್ಲ, ನಿಜ. ಇದ್ದಷ್ಟನ್ನೂ ನಾನು ಮಾಡುತ್ತಿರಲಿಲ್ಲ ಎಂಬುದೂ ನಿಜ. ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ಗರ್ಭಕೋಶದ ಚಾರ್ಟನ್ನು ಸುರುಳಿ ಬಿಚ್ಚದೆ ಬೀರುವಿನ ಮೇಲಿಟ್ಟಿದ್ದೆ.

ತವರಿಗೆ ಕಳಿಸಲು ಒಳ್ಳೆಯ ದಿನ ಬೇಗ ಸಿಗಲಿಲ್ಲ. ಹಾಗೆ ಕಾಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಸುಮಾಳಿಗೆ ಹೊಟ್ಟೆ ಬಿಗಿದು ಬಿಗಿದು ನೋವು ಬಂತು. ಅವಳನ್ನು ಆಟೋದಲ್ಲಿ ಕೂರಿಸಿ ನಿಮ್ಮ ನರ್ಸಿಂಗ್ ಹೋಮಿಗೆ ತಂದೆವು, ನಾನು ಮತ್ತು ಅತ್ತೆ. ಅವಳನ್ನು ನೀವು ನೋಡುತ್ತಿದ್ದದ್ದು ಅದೇ ಮೊದಲು. ಸ್ಕ್ಯಾನಿಂಗ್ ಬೇಕೆಂದರೆ ಆಗ ಹಾಸನಕ್ಕೆ ಹೋಗಬೇಕಿತ್ತು, ಯಾರೂ ಮಾಡಿಸಿರಲಿಲ್ಲ. ನಿಮಗೆ ಇದ್ದದ್ದು ನಮ್ಮ ಬಾಯಿಮಾತು ಒಂದೇ.

ಅವಳನ್ನು ಪರದೆಯ ಆಚೆ ಮೇಜಿನ ಮೇಲೆ ಮಲಗಿಸಿ ನೀವು ಈಚೆ ಬಂದಿರಿ. ಹೊರಗೆ ಜನ ತುಂಬಿದ್ದರು, ಏನನ್ನೂ ಬರೆದುಕೊಳ್ಳಲು ನಿಮಗೆ ಪುರಸೊತ್ತಿರಲಿಲ್ಲ. ನಿಂತಲ್ಲೇ ಕೇಳಿದಿರಿ. ಎಷ್ಟು ತಿಂಗಳು, ಮೊದಲ ಬಸಿರು ಏನಾಯಿತು, ನೋವು ಯಾವಾಗಿನಿಂದ. ಆಮೇಲೆ ಆ ಪ್ರಶ್ನೆ.

ಅತ್ತೆ ನನ್ನ ಪಕ್ಕದಲ್ಲಿ ಕಾಫಿಯ ಫ್ಲಾಸ್ಕು ಹಿಡಿದು ನಿಂತಿದ್ದರು. ಅವರ ಬಟ್ಟೆಯ ಚೀಲದ ಬಾಯಿಂದ ಸೀಮಂತದ ಬಳೆಯ ಕಾಗದ ಇನ್ನೂ ಇಣುಕುತ್ತಿತ್ತು. ಹೌದು ಎಂದರೆ — ಯಾವಾಗ ಎಂದು ನೀವು ಕೇಳುತ್ತೀರಿ. ಸೀಮಂತದ ಹಿಂದಿನ ದಿನ ಎನ್ನಬೇಕು. ಅತ್ತೆ ನನ್ನ ಕಡೆ ತಿರುಗುತ್ತಾರೆ. ರಕ್ತ ಹೋಗುವವಳನ್ನು ಗೊತ್ತಿದ್ದೂ ಹಸೆಗೆ ಕರೆತಂದು ಕೂರಿಸಿದ ಹಿರಿಸೊಸೆ...

"ಇಲ್ಲ" ಎಂದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಹುಡುಗರಿಗೆ ಸಮಯ ಹೇಳುವ ಟೀಚರಿನ ದನಿ ಅದು, ಯಾರಾದರೂ ನಂಬುವಂಥದ್ದು. ನೀವೂ ನಂಬಿದಿರಿ.

ಹಾಗಾದರೆ ದಿನ ತುಂಬುವ ಮುಂಚಿನ ಹೆರಿಗೆ ನೋವಿರಬೇಕು, ಬಾಯಿ ತೆರೆದಿದೆಯೋ ಏನೋ ನೋಡಿಬಿಡೋಣ ಎಂದು ನೀವು ಗ್ಲೌಸು ಹಾಕಿಕೊಂಡು ಪರದೆಯ ಆಚೆ ಹೋದಿರಿ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆಯಾ ಹೊರಗೆ ಬಂದು, "ರಕ್ತ ಓಯ್ತಾನೇ ಅದೆ ಕಣ್ರವ್ವ, ನಿಲ್ತಾ ಇಲ್ಲ, ಗಾಡಿ ಮಾಡ್ರಿ ಬಿರ್ನೆ" ಎಂದಳು.

ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೆಟಡೋರ್ ವ್ಯಾನು. ನೀವು ಹೊರಗಿನ ರೋಗಿಗಳನ್ನೆಲ್ಲ ಹಾಗೇ ಬಿಟ್ಟು ಹತ್ತಿದಿರಿ. ಗ್ಲುಕೋಸಿನ ಬಾಟಲನ್ನು ಎತ್ತಿ ಹಿಡಿಯಲು ನನಗೆ ಕೊಟ್ಟಿರಿ. ಹಾಸನದ ದಾರಿಯುದ್ದಕ್ಕೂ ನಾನು ಬಾಟಲನ್ನೇ ನೋಡುತ್ತಿದ್ದೆ. ಒಂದು ಕಡೆ ನೀವು, ನಿಮಗೆ ನೀವೇ ಹೇಳಿಕೊಳ್ಳುವ ಹಾಗೆ, "ಮುಂಚೆ ಹೋಗಿರ್ಲೇಬೇಕು... ಇದು ಹೀಗೆ ಒಂದೇ ಸಲ ಬರೋದಲ್ಲ" ಎಂದು ನನ್ನ ಕಡೆ ನೋಡಿದಿರಿ. ಇನ್ನೂ ಆಗ ಹೇಳಬಹುದಿತ್ತು. ಹಾಸನದ ಡಾಕ್ಟರುಗಳಿಗಾದರೂ ಪೂರ್ತಿ ಸಂಗತಿ ತಿಳಿದಿರುತ್ತಿತ್ತು. ಬಾಟಲಿನಲ್ಲಿ ಹನಿ ಬೀಳುವುದನ್ನು ನಾನು ಬಹಳ ಗಮನವಿಟ್ಟು ನೋಡಿದೆ.

ಹೆಣ್ಣುಮಗು. ಅಳಲಿಲ್ಲ. ಮಾಸು ಗೋಡೆಯಿಂದ ಬಿಡಲಿಲ್ಲ, ಬಿಡಿಸಲು ಹೋದಷ್ಟೂ ರಕ್ತ. ಜೀವ ಉಳಿಸಬೇಕಾದರೆ ಗರ್ಭಕೋಶವನ್ನೇ ತೆಗೆಯಬೇಕು ಎಂದರು. ಮೈದುನ ಇನ್ನೂ ಚನ್ನರಾಯಪಟ್ಟಣದಿಂದ ಬಂದಿರಲಿಲ್ಲ, ಸುದ್ದಿ ಕೇಳಿ ನಮ್ಮ ಹಿಂದೆಯೇ ಬಂದಿದ್ದ ಮಾವನವರು ಸಹಿ ಹಾಕಿದರು. ಸುಮಾ ಉಳಿದಳು. ನೀವು ಅಷ್ಟು ಬೇಗ ಹೊರಡಿಸಿಕೊಂಡು ಬರದಿದ್ದರೆ ಅವಳೂ ಉಳಿಯುತ್ತಿರಲಿಲ್ಲ ಎಂದು ಆಪರೇಷನ್ ಮಾಡಿದವರು ಹೇಳಿದರು. ಆ ಮಾತನ್ನು ನಮ್ಮ ಮನೆಯವರು ಯಾರೂ ಊರಿಗೆ ತರಲಿಲ್ಲ.

ಆ ಆಸ್ಪತ್ರೆಯ ಹೆಂಗಸೊಬ್ಬಳು ಬಟ್ಟೆ ಮುಚ್ಚಿದ ಬೇಸಿನ್ ಹಿಡಿದು ಬಂದಳು. ಹೆರಿಗೆಯಾದ ಮನೆಯವರು ಮಾಸನ್ನು ಕೇಳಿ ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹೂಳುವುದುಂಟಲ್ಲ, ಅದಕ್ಕೆ ಕೇಳಲು ಬಂದಿದ್ದಳು. "ಕಸ ಮನೆಗೆ ತಕ್ಕಂಡೋಯ್ತೀರಾ ಅವ್ವ, ಇಲ್ಲೇ ಊತಾಕ್ಬುಡನಾ? ಗರ್ಭಕೋಸಾನೂ ಜೊತೇಲೇ ಅದೆ." ಅವಳ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಇಲ್ಲೇ ಮಾಡಿಬಿಡಿ ಎಂದೆ. ಬಟ್ಟೆ ಎತ್ತಿ ನೋಡಬೇಕು ಎಂದು ಅನಿಸಿತು, ನೋಡಲಿಲ್ಲ.

ನನ್ನ ಎರಡನೆಯ ಸುಳ್ಳು ನಡೆದದ್ದು ಅಲ್ಲೇ, ಆ ಆಸ್ಪತ್ರೆಯ ಕಾರಿಡಾರಿನಲ್ಲಿ. ಅತ್ತೆ ನಿಮ್ಮ ಎದುರಿಗೆ ನಿಂತು, "ಒಂದು ಮಾತು ಕೇಳ್ದೆ ಮಾಡ್ದೆ ಕೈ ಹಾಕಿಬಿಟ್ರಲ್ಲಮ್ಮ. ಚೆನ್ನಾಗಿದ್ದ ಹುಡುಗೀನ ಹೀಗೆ ಮಾಡಿಬಿಟ್ರಲ್ಲ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಗಾಬರಿಯಲ್ಲಿ ಅವರಿಗೆ ನಿಮ್ಮ ಪ್ರಶ್ನೆ ತಲೆಗೇ ಹತ್ತಿರಲಿಲ್ಲ, ಗ್ಲೌಸು ಮಾತ್ರ ನೆನಪಿತ್ತು. ನೀವು ನನ್ನ ಕಡೆ ತಿರುಗಿದಿರಿ. ನಿಮ್ಮ ಸೀರೆಯ ಅಂಚೆಲ್ಲ ಒಣಗಿದ ರಕ್ತ.

"ಟೀಚರ್, ನಾನು ಕೇಳಿದ್ದೆ ಅಲ್ವಾ?"

"ನನಗೆ ನೆನಪಿಲ್ಲ ಡಾಕ್ಟರೇ."

ಮೊದಲನೆಯದನ್ನು ಭಯದಿಂದ ಹೇಳಿದೆ ಎನ್ನಬಹುದು. ಎರಡನೆಯದನ್ನು ಯೋಚಿಸಿ ಹೇಳಿದೆ. ನಿಜ ಹೇಳಿದರೆ ಸುಮಾಳ ಮೇಲೇ ಬರುತ್ತದೆ, ಮೈಲಿಗೆಯಲ್ಲಿ ಹಸೆಗೆ ಕೂತದ್ದಕ್ಕೇ ಮಗು ಹೋಯಿತು ಎನ್ನುತ್ತಾರೆ, ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೆ. ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅನುಕೂಲವಾದ ಯೋಚನೆ ಅದು.

ಅತ್ತೆಯವರ ಮಾತು ದೇವಸ್ಥಾನದ ಜಗಲಿಯಿಂದ ಹೊರಟು ಪೇಟೆಯನ್ನು ಸುತ್ತಿತು. ಮಾವನವರು ಪೂಜೆಗೆ ಹೋದ ಮನೆಯಲ್ಲೆಲ್ಲ ಕೇಳಿದವರಿಗೆ ಅದನ್ನೇ ಹೇಳಿದರು. ಒಂದು ಮಾತೂ ಕೇಳದೆ ಕೈ ಹಾಕುವ ಡಾಕ್ಟರು ಎಂದಾಯಿತು. ಬಸುರಿಯರು ನಿಮ್ಮ ಬಾಗಿಲನ್ನು ದಾಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಹಾಸನದ ಬಸ್ಸು ಹತ್ತುವುದನ್ನು ನಾನು ಬೆಳಗಿನ ಬಸ್ಸಿಗೆ ಕಾಯುತ್ತಾ ನೋಡುತ್ತಿದ್ದೆ. ನೀವು ಹೆರಿಗೆ ಮಾಡಿಸುವುದನ್ನು ಬಿಟ್ಟಿರಿ. ಆಮೇಲೆ ಬೋರ್ಡೂ ಇಳಿಯಿತು. ಆ ಕಟ್ಟಡದಲ್ಲಿ ಈಗ ಬಟ್ಟೆ ಅಂಗಡಿ ಇದೆ.

ಹತ್ತು ವರ್ಷದ ಮೇಲೆ, ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಸಾಲಗಾಮೆಯ ಹುಡುಗಿ, ಬಸುರಿ, ರಕ್ತ ಕಂಡಿತು ಎಂದು ಸ್ಟಾಫ್ ರೂಮಿನಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಮಾತು ಮುಗಿಯುವ ಮೊದಲೇ ಅವಳನ್ನು ಹೊರಡಿಸಿಕೊಂಡು ಹಾಸನಕ್ಕೆ ಬಂದೆ. ಆಸ್ಪತ್ರೆಯ ಆ ಕೋಣೆಯಲ್ಲಿ ನೀವಿದ್ದೀರಿ ಎಂದು ಗೊತ್ತಿದ್ದರೆ... ಬೇರೆ ಕಡೆ ಹೋಗುತ್ತಿದ್ದೆನೇನೋ. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಮುಟ್ಟುವ ಮೊದಲು ರಕ್ತದ ವಿಷಯವನ್ನು ಅವಳನ್ನು ಕೇಳಿದಿರಿ, ನನ್ನನ್ನು ಕೇಳಿದಿರಿ, ಮತ್ತೆ ಅವಳನ್ನೇ ಬೇರೆ ಥರ ಕೇಳಿದಿರಿ. ಸ್ಕ್ಯಾನಿಂಗ್ ಆಗುವ ತನಕ ಕೈ ಹಾಕಲಿಲ್ಲ. ಅವಳು ಸ್ಕ್ಯಾನಿಂಗಿಗೆ ಹೋದಾಗ ನನ್ನನ್ನು ಕೂರಿಸಿಕೊಂಡು ಹೇಳಿದಿರಿ.

"ಆವತ್ತು ನಾನು ಕೇಳಿದ್ದೆ ಅಂತ ಬಹಳ ದಿನ ಅಂದ್ಕೊಂಡಿದ್ದೆ ಟೀಚರ್. ಆಮೇಲೆ ಆಮೇಲೆ ನನಗೇ ಅನುಮಾನ ಬಂತು. ನಿಮಗೂ ನೆನಪಿರ್ಲಿಲ್ಲ, ನಿಮ್ಮತ್ತೆ ಖಂಡಿತ ಕೇಳ್ಲಿಲ್ಲ ಅಂದ್ರು. ಓಪಿಡಿ ತುಂಬಿತ್ತು. ಮರೆತುಬಿಟ್ಟಿದೀನಿ ಅಂತ ಕಾಣತ್ತೆ. ಈಗ ಇಲ್ಲಿ ನರ್ಸಿಂಗ್ ಹುಡುಗೀರಿಗೆ ಪಾಠ ಮಾಡುವಾಗೆಲ್ಲ ಇದನ್ನೇ ಹೇಳ್ತೀನಿ. ಒಂದ್ಸಲ ಕೇಳೋದು ಮರೆತೆ, ಒಬ್ಬ ಹೆಂಗಸಿನ ಗರ್ಭಕೋಶ ಹೋಯ್ತು ಅಂತ."

ಬಾಗಿಲು ಮುಚ್ಚಿತ್ತು. ಅತ್ತೆ ಇರಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ. ನಾನು ಹೇಳಿದ್ದು ನಿಮಗೆ ನೆನಪಿರಬಹುದು.

"ಹಳೇದೆಲ್ಲ ಯಾಕೆ ಡಾಕ್ಟರೇ, ಬಿಟ್ಟುಬಿಡಿ. ನಾವೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ನಿಮ್ಮ ಕಣ್ಣು ತುಂಬಿತು. ನನ್ನ ಕೈ ಹಿಡಿದು, ನಿಮ್ಮದು ದೊಡ್ಡ ಮನಸ್ಸು ಟೀಚರ್ ಎಂದಿರಿ. ನಾನು ನಿಮ್ಮನ್ನು ಕ್ಷಮಿಸಿಬಿಟ್ಟಿದ್ದೆ, ಡಾಕ್ಟರೇ. ನಾನು ಮಾಡಿದ್ದಕ್ಕೆ ನಿಮ್ಮನ್ನು ಕ್ಷಮಿಸಿ, ನಿಮ್ಮಿಂದ ಕೃತಜ್ಞತೆಯನ್ನೂ ಪಡೆದುಕೊಂಡು, ಸಂಜೆಯ ಬಸ್ಸಿಗೆ ಊರಿಗೆ ಬಂದೆ. ನನ್ನ ಮೂರು ಸುಳ್ಳುಗಳಲ್ಲಿ ನನಗೆ ಅತಿ ಹೇಸಿಗೆಯಾಗುವುದು ಇದು.

ಅತ್ತೆ ತೀರಿಕೊಂಡು ವರ್ಷವಾಯಿತು. ಅವರಿಗೆ ಹೆದರಿ ಸುಮ್ಮನಿದ್ದೇನೆ ಎಂದು ನಂಬಿಕೊಂಡಿದ್ದೆ. ಅವರು ಹೋದ ಮೇಲೂ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲವಾದ್ದರಿಂದ ಆ ನಂಬಿಕೆಯೂ ಬಿದ್ದುಹೋಯಿತು. ನಾನು ಹೆದರುತ್ತಿದ್ದದ್ದು ನನ್ನ ಅಚ್ಚುಕಟ್ಟಿನ ಹೆಸರಿಗೆ, ಅಷ್ಟೇ. ವರ್ಷಾಬ್ದಿಕಕ್ಕೆ ಸುಮಾ ಚನ್ನರಾಯಪಟ್ಟಣದಿಂದ ಬಂದಿದ್ದಳು. ಅಲ್ಲಿ ಅವಳು ಮನೆಯಲ್ಲೇ ಚಿಕ್ಕಮಕ್ಕಳ ಶಾಲೆ ನಡೆಸುತ್ತಾಳೆ. ಬೆಳಿಗ್ಗೆ ಮಕ್ಕಳು ಬರುತ್ತವೆ, ಮಧ್ಯಾಹ್ನ ಅವರವರ ತಾಯಂದಿರು ಬಂದು ಕರೆದುಕೊಂಡು ಹೋಗುತ್ತಾರೆ. ಎಲ್ಲರ ಊಟವಾದ ಮೇಲೆ ಹಿತ್ತಲಲ್ಲಿ ಇಬ್ಬರೇ ಪಾತ್ರೆ ಒರೆಸುವಾಗ ಅವಳಿಗೆ ಹೇಳಿದೆ. ಡಾಕ್ಟರು ಕೇಳಿದ್ದರು, ನಾನು ಇಲ್ಲ ಅಂದುಬಿಟ್ಟೆ ಎಂದೆ.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಕ್ಕ. ಪರದೆ ಆಚೆಗೇ ಮಲಗಿದ್ದೆನಲ್ಲ, ಕೇಳಿಸ್ತು."

"ಮತ್ತೆ ನೀನಾದ್ರೂ ಯಾಕೆ..."

"ನೀವು ಸೈನ್ಸ್ ಟೀಚರು. ನೀವೇ ಇಲ್ಲ ಅಂದ ಮೇಲೆ ಅದು ಲೆಕ್ಕಕ್ಕೆ ಬರೋ ಅಂಥ ರಕ್ತ ಅಲ್ಲವೇನೋ ಅಂದ್ಕೊಂಡೆ." ತಟ್ಟೆಯನ್ನು ಇಟ್ಟು ಇನ್ನೊಂದನ್ನು ತೆಗೆದುಕೊಂಡಳು. "ಆಮೇಲೆ ಅರ್ಥ ಆಯ್ತು. ನೀವೇ ಹೇಳ್ತೀರ ಅಂತ ಕಾದೆ. ಕಾದೂ ಕಾದೂ ಸುಸ್ತಾಗಿ ಬಿಟ್ಟೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ತಡೆದಳು. "ನನಗೆ ಹೇಳಿ ಏನಾಗ್ಬೇಕು, ನನಗೆ ಗೊತ್ತಿದ್ದದ್ದೇ. ಗೊತ್ತಿಲ್ದೇ ಇರೋರು ಡಾಕ್ಟರೊಬ್ರೇ. ಅವರಿಗೆ ಹೇಳಿದೀರಾ?"

"ಇಲ್ಲ" ಎಂದೆ. ಅದೇ ಪದ. ಅವಳಿಗೂ ಅದು ಹೊಳೆದಿರಬೇಕು, ನನ್ನ ಮುಖ ನೋಡಿ, ಒರೆಸಿದ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದಕ್ಕೇ ಇದು. ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಕ್ಷಮೆ ಎಂಬ ಆ ಮಾತನ್ನು ಒಮ್ಮೆ ಕೆಡಿಸಿದವಳು ನಾನೇ. ಈ ಊರಿನಲ್ಲಿ ಕೇಳಿದವರಿಗೆ ಇನ್ನು ನಿಜವನ್ನೇ ಹೇಳುತ್ತೇನೆ, ಮನೆಯವರಿಂದಲೇ ಶುರು ಮಾಡಿದ್ದೇನೆ. ನಿಮ್ಮ ಬೋರ್ಡು ಅದರಿಂದ ವಾಪಸು ಏರುವುದಿಲ್ಲ ಎಂದು ಗೊತ್ತು.

ನಿಮ್ಮಲ್ಲಿ ಕೇಳುವುದು ಒಂದೇ. ನರ್ಸಿಂಗ್ ಹುಡುಗಿಯರಿಗೆ ಆ ಪಾಠ ಮಾಡುವುದನ್ನು ಬಿಡಬೇಡಿ, ಆದರೆ ಒಂದು ಸಾಲು ತಿದ್ದಿ. ಕೇಳುವುದು ಮರೆತೆ ಎನ್ನಬೇಡಿ. ಹೀಗೆ ಹೇಳಿ: ನಾನು ಕೇಳಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಇಲ್ಲ ಅಂದಳು. ಅವಳಿಗೆ ಗೊತ್ತಿತ್ತು. ಅದಕ್ಕೇ ಬಸುರಿಯನ್ನು ಕೇಳುವಾಗ ಪಕ್ಕದಲ್ಲಿ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ, ಅವರು ಟೀಚರಾಗಿದ್ದರೂ.